ಮಿಲ್ಲಿನ ಮುಂದಿನ ಚರಂಡಿ

ಅವರ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಪ್ಪಲಿ ಮೆಟ್ಟಿದವರಲ್ಲ, ಚರಂಡಿಗೆ ಇಳಿದು ನಿಂತರೆ ಹೂಳು ಎಷ್ಟಿದೆ, ತಳದ ಇಳಿಜಾರು ಎಲ್ಲಿ ತಪ್ಪಿದೆ ಎಂಬುದನ್ನು ಪಾದದಲ್ಲೇ ತಿಳಿದು ಹೇಳುತ್ತಿದ್ದರು. ನಂಜನಗೂಡಿನ ನಮ್ಮ ಬೀದಿಗೆಲ್ಲ ಅವರು ಪುರಸಭೆಯ ಚರಂಡಿ ಮೇಸ್ತ್ರಿ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ವರ್ಷಗಟ್ಟಲೆ ಮೂಟೆ ಹೊತ್ತು, ತೊಂಬತ್ತರ ದಶಕದಲ್ಲಿ ಸ್ವಂತ ರಾಗಿ ಮಿಲ್ಲು ಹಾಕಿದ್ದೆ. ಯಾರ ಹಂಗೂ ಇಲ್ಲ ಎಂಬ ಜಂಬ ಆಗಲೂ ಇತ್ತು, ಈಗಲೂ ಇದೆ. ಗಿರಾಕಿಗಳ ಸೈಕಲ್ಲು ಬಾಗಿಲವರೆಗೆ ಬರಲೆಂದು ಚರಂಡಿಯ ಮೇಲೆ ಚಪ್ಪಡಿ ಹಾಸಿ, ಸಂದಿಗೆಲ್ಲ ಸಿಮೆಂಟು ಮೆತ್ತಿಸಿದೆ.

ಮೇಸ್ತ್ರಿ ಬಂದು ನೋಡಿದರು. "ಒಂದು ಕಲ್ಲಾದ್ರೂ ಎತ್ತೋ ಅಂಗೆ ಬುಡಿ ಸಾವ್ಕಾರ್ರೇ. ಮೇಲಿನ ಮೂರು ಬೀದಿ ನೀರು ಇಲ್ಲೇ ಇಳೀಬೇಕು."

"ಮಳೆ ಎಲ್ಲೈತೆ ಮೇಸ್ತ್ರಿ? ಬ್ಯಾಸ್ಗೇಲಿ ಬಂದು ಎದರಿಸ್ತೀರಲ್ಲ."

"ಬ್ಯಾಸ್ಗೇಲೇ ಎತ್ಬೇಕು ಊಳ. ಮಳೆ ಬಂದ್ಮೇಕೆ ನೀರು ಕಾಣ್ತದೆ, ಮೋರಿ ಕಾಣಕಿಲ್ಲ."

ನಾನು ಒಪ್ಪಲಿಲ್ಲ. "ಸರಿ ಬುಡಿ, ನೀರು ಮಿಲ್ಲೊಳಕ್ಕೇ ಬತ್ತದೆ, ರಾಗಿ ತೊಳ್ಯಕ್ಕೆ ನಿಮ್ಗೆ ಅನುಕೂಲ ಆಯ್ತದೆ," ಎಂದು ನಕ್ಕು ಹೋದರು. ಉಳಿದ ಕಡೆ ತೆಗೆದ ಹೂಳನ್ನು ಅವರು ದಡದಲ್ಲಿ ಬಿಡುತ್ತಿರಲಿಲ್ಲ. ಒಂದೇ ಮಳೆಗೆ ಅದು ಮತ್ತೆ ಒಳಗೆ ಜಾರುತ್ತದೆಂದು ಅವತ್ತೇ ಗಾಡಿಗೆ ತುಂಬಿಸುವರು. ಗಾಡಿ ಬರದಿದ್ದರೆ ಅಲ್ಲೇ ಕೂತು ಬೀಡಿ ಸೇದುತ್ತ ಕಾಯುವರು.

ಹಿಂಗಾರಿನ ಒಂದು ಮಧ್ಯಾಹ್ನ ಹಿಡಿದ ಮಳೆ ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ನೀರು ಚಪ್ಪಡಿಯ ಮೇಲಿತ್ತು, ಆಮೇಲೆ ಹೊಸ್ತಿಲ ಮೇಲೆ. ಮೋಟಾರು ಕೂರಿಸಿದ್ದು ನೆಲಕ್ಕಿಂತ ತಗ್ಗಿನ ಗುಂಡಿಯಲ್ಲಿ. ಮೋಟಾರಿನೊಳಗೆ ನೀರು ಹೊಕ್ಕರೆ ನನ್ನ ಮಿಲ್ಲು ಮುಗಿಯಿತು. ಮೇನ್ ಆಫ್ ಮಾಡಿ ಬಾಗಿಲಿಗೆ ಗೋಣಿಚೀಲ ಒತ್ತಿದೆ. ಹೆಂಡತಿ ಗಿರಾಕಿಗಳ ರಾಗಿ ಡಬ್ಬಗಳನ್ನು ಬೆಂಚಿನ ಮೇಲೇರಿಸುತ್ತ, "ಆ ಯಪ್ಪನ ಮಾತು ಕೇಳ್ಬಾರ್ದಾಗಿತ್ತಾ?" ಎಂದಳು.

ಕರೆಯುವ ಮೊದಲೇ ಮೇಸ್ತ್ರಿ ಹಾರೆ ಹೊತ್ತು ಮೊಣಕಾಲು ನೀರಿನಲ್ಲಿ ಬಂದರು. ಹಾರೆಯನ್ನು ನನ್ನ ಕೈಗಿಟ್ಟರು. "ನೀವೇ ಒಡೀರಿ. ನಾ ಒಡದ್ರೆ ನಾಳೀಕೆ ಆಪೀಸಿಗೆ ಅರ್ಜಿ ಕೊಡ್ತೀರಿ."

ಒಡೆದೆ. ಅವರು ಬಗ್ಗಿ, ಭುಜದವರೆಗೆ ಕೈ ತೂರಿಸಿ ತಡಕಿದರು. ಹೊರಬಂದದ್ದು ಕರಿ ಉಂಡೆ. ದಿನಾ ಸಂಜೆ ಮಿಲ್ಲು ಗುಡಿಸಿ, ಚಪ್ಪಡಿಯ ಪಕ್ಕದ ತೆರೆದ ಕಡೆಯಿಂದ ನಾನೇ ಚರಂಡಿಗೆ ತಳ್ಳುತ್ತಿದ್ದ ರಾಗಿ ಹಿಟ್ಟು ಹೂಳಿನ ಜೊತೆ ಸೇರಿ ಗಟ್ಟಿಯಾಗಿ ಕೂತಿತ್ತು.

"ನಮ್ ಮೋರಿಗೂ ಮುದ್ದೆ ಉಣ್ಸಿದ್ದೀರಲ್ಲ ಸಾವ್ಕಾರ್ರೇ!"

ಹತ್ತು ಹದಿನೈದು ಉಂಡೆ ಬಂದ ಮೇಲೆ ನೀರು ಗೊಳಕ್ಕೆಂದು ಎಳೆದುಕೊಂಡಿತು. ಗುಂಡಿಯಲ್ಲಿ ನೀರು ಮೋಟಾರು ಮುಟ್ಟಲು ನಾಲ್ಕೇ ಬೆರಳು ಬಾಕಿಯಿತ್ತು. ಒಳಗೆಲ್ಲೋ ಗಾಜು ತಗುಲಿ ಮೇಸ್ತ್ರಿಯ ತೋಳಿನಿಂದ ರಕ್ತ ಸೋರುತ್ತಿತ್ತು. ಒಳಗೆ ಕರೆದರೆ, "ಕೆಳಗ್ಲ ಬೀದಿ ನೋಡ್ಬೇಕು ಕಣ್ರೀ," ಎಂದು ಟವೆಲು ಸುತ್ತಿಕೊಂಡು ನಡೆದರು.

ನೀರು ಇಳಿಯಲು ದಾರಿಯಿಲ್ಲದೆ ಮೇಲಿನ ಬೀದಿಯ ಮನೆಗಳಿಗೂ ನುಗ್ಗಿತ್ತೆಂದು ಮಾರನೆಯ ದಿನ ತಿಳಿಯಿತು. ಅಲ್ಲಿನವರು ಮೇಸ್ತ್ರಿಯನ್ನೇ ನಿಲ್ಲಿಸಿಕೊಂಡು ಬೈದರಂತೆ. ಅವರು ನನ್ನ ಹೆಸರು ಎತ್ತಲಿಲ್ಲ. ನಾನೂ ಹೋಗಿ, ತಪ್ಪು ನನ್ನದು ಎನ್ನಲಿಲ್ಲ.

ಮೇಸ್ತ್ರಿ ರಿಟೈರಾದ ಎರಡು ವರ್ಷಕ್ಕೆ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಹೆಂಡತಿ ಹೇಳಿದರು: "ಮಳೆ ಬಂದ್ರೆ ನಿಮ್ ಮಿಲ್ ತಾವ ಓಗಿ, ಮೋರಿ ಓಡ್ತೈತಾ ಅಂತ ನೋಡ್ಬುಟ್ಟೇ ಬರೋರು ಕಣಪ್ಪ." ನಾನು ಒಮ್ಮೆಯೂ ಕಂಡಿರಲಿಲ್ಲ.

ಆ ಸಂಜೆಯೇ ಮೇಲಿನ ಬೀದಿಗೆ ಹೋಗಿ, ಒಂದೊಂದೇ ಬಾಗಿಲಲ್ಲಿ ನಿಂತು, ಅವತ್ತು ಚರಂಡಿ ಮುಚ್ಚಿದವನು ನಾನೇ ಎಂದು ಹೇಳಿ ಬಂದೆ. ಕೆಲವರಿಗೆ ಆ ಮಳೆಯೇ ಮರೆತುಹೋಗಿತ್ತು. ನನಗೆ ಇನ್ನೂ ಮೋಡ ಕಟ್ಟಿದರೆ ಮಿಲ್ಲಿನೊಳಗೆ ಕೂರಲಾಗುವುದಿಲ್ಲ.