ಬಿಲ್ಲು ಕೂಗುತ್ತಿದ್ದ ಬೋರಪ್ಪ

ಮಧುಗಿರಿ ಬಸ್ ಸ್ಟ್ಯಾಂಡಿನ ಎದುರಿಗೆ ನಮ್ಮ ಸೋದರಮಾವ ನಾಗಲಿಂಗಯ್ಯನವರ ಹೋಟೆಲಿತ್ತು. ಅದರ ಗಲ್ಲಾದಲ್ಲಿ ಕಾಡಸಿದ್ದಪ್ಪನೆಂಬ ನಾನು ಹದಿನಾರು ವರ್ಷ ಕೂತಿದ್ದೆ. ಊರವರು ನಮ್ಮ ಹೋಟೆಲಿನ ದೋಸೆಯನ್ನು ಹೊಗಳುತ್ತಿದ್ದರು. ಶುದ್ಧ ಸುಳ್ಳು. ದಿನಾ ತಿಂದವನು ಹೇಳುತ್ತಿದ್ದೇನೆ, ದೋಸೆ ಅಂಥಾದ್ದೇನೂ ಅಲ್ಲ. ಬಸ್ಸಿಳಿದವರು ನಮ್ಮ ಕಡೆ ತಿರುಗುತ್ತಿದ್ದದ್ದು ಸಪ್ಲೈಯರ್ ಬೋರಪ್ಪನ ಗಂಟಲು ಕೇಳಿ. ಆ ಗಂಟಲನ್ನು ನಾವು ಹೇಗೆ ತಿಂದು ಮುಗಿಸಿದೆವು ಎಂಬುದನ್ನು ಯಾರಿಗಾದರೂ ಹೇಳದೆ ಹೋದರೆ ನನ್ನ ಜೀವ ಸಲೀಸಾಗಿ ಹೋಗುವುದಿಲ್ಲ.

ಆಗ ನಮ್ಮಲ್ಲಿ ಚೀಟಿ ಇರಲಿಲ್ಲ, ಟೋಕನ್ ಇರಲಿಲ್ಲ. ಬಿಲ್ಲನ್ನು ಕೂಗುತ್ತಿದ್ದರು. ಗಿರಾಕಿ ತಿಂದು, ಕೈ ತೊಳೆದು, ಬಾಗಿಲ ಪಕ್ಕದ ಗಲ್ಲಾಕ್ಕೆ ಬರುವಷ್ಟರಲ್ಲಿ ಸಪ್ಲೈಯರ್ ಒಳಗಿನಿಂದಲೇ ಅವನ ಗುರುತನ್ನೂ ದುಡ್ಡನ್ನೂ ಒಟ್ಟಿಗೆ ಕೂಗಬೇಕು. "ಕೆಂಪು ರುಮಾಲು ಒಂದು ನಲವತ್ತೂ! ಛತ್ರಿ ಯಜಮಾನ್ರು ಎರಡು ಹತ್ತೂ! ಜೋಡಿ ಕಂಬಳಿ ಮೂರು ಅರವತ್ತೂ!" ನಾನು ಬರುವ ತಲೆಗಳಲ್ಲಿ ಆ ರುಮಾಲನ್ನು, ಆ ಛತ್ರಿಯನ್ನು ಹುಡುಕಿ ಕಾಸು ಇಸಿದುಕೊಳ್ಳಬೇಕು. ಬೋಳುತಲೆ ಎಂದು ಮಾತ್ರ ಕೂಗಕೂಡದೆಂದು ಮಾವನ ತಾಕೀತು. ಹಿಂದೆ ಯಾರೋ ಹಾಗೆ ಕೂಗಿದ್ದಕ್ಕೆ ಒಬ್ಬ ವಕೀಲರು ಒಂದು ವಾರ ಮುನಿಸಿಕೊಂಡು ಎದುರಿನ ಹೋಟೆಲಿಗೆ ಹೋಗಿದ್ದರಂತೆ. ಇನ್ನೊಂದು ಕಟ್ಟಳೆ ಇತ್ತು. ಸಪ್ಲೈಯರ್ ಕೂಗದೆ ಬಿಟ್ಟ ಬಿಲ್ಲು ಸಪ್ಲೈಯರನ ಸಂಬಳಕ್ಕೇ ಬೀಳುತ್ತಿತ್ತು.

ಬೋರಪ್ಪ ಮಿಡಿಗೇಶಿ ಕಡೆಯ ಕುರಿಯವರ ಮನೆಯ ಹುಡುಗ. ಎಪ್ಪತ್ಮೂರರಲ್ಲಿ ಅಪ್ಪ ಮುದ್ದಪ್ಪನ ಜೊತೆ ಉಣ್ಣೆ ಮಾರಲು ಮಧುಗಿರಿಗೆ ಬಂದಿದ್ದ. ಜನಜಂಗುಳಿಯಲ್ಲಿ ಅಪ್ಪ ತಪ್ಪಿಹೋದಾಗ ಬಸ್ ಸ್ಟ್ಯಾಂಡಿನ ಆ ತುದಿಯಲ್ಲಿ ನಿಂತು "ಅಪ್ಪೋ" ಎಂದು ಒಂದು ಕೂಗು ಹಾಕಿದ. ಮೂರು ಬಸ್ಸು ಹಾರನ್ ಹೊಡೆಯುತ್ತಿದ್ದವು, ಆದರೂ ಆ ಕೂಗು ನಮ್ಮ ಅಡಿಗೆಮನೆಯವರೆಗೆ ಬಂತು. ಮಾವ ಕೂತಲ್ಲಿಂದ ಎದ್ದು ಹೋಗಿ ಅಪ್ಪ ಮಗ ಇಬ್ಬರನ್ನೂ ಕರೆತಂದು ಉಪ್ಪಿಟ್ಟು ಕೊಡಿಸಿದರು. ಮಾವ ಯಾರಿಗೂ ಪುಕ್ಕಟೆ ಉಪ್ಪಿಟ್ಟು ಕೊಟ್ಟವರಲ್ಲ. ಅವತ್ತು ಸಂಜೆಗೆ ಬೋರಪ್ಪ ನಮ್ಮ ಸಪ್ಲೈಯರ್ ಆಗಿದ್ದ.

"ಹೆಂಗಲಾ ಅಷ್ಟು ಜೋರಾಗಿ ಕೂಗ್ತೀಯ?" ಎಂದು ಕೇಳಿದೆ.

"ಈ ಗುಡ್ಡದಾಗಿಂದ ಆ ಗುಡ್ಡದ ಕುರಿ ಕರೀಬೇಕಲ್ಲಣ್ಣ. ಕುರಿ ಕರುದ್ರೆ ಬತ್ತವೆ, ಜನುನ್ನ ಕರುದ್ರೆ ಕಾಸು ಕೊಡ್ತರೆ. ಎಲ್ಡೂ ಒಂದೇಯ" ಎಂದು ನಕ್ಕ.

ಅಬ್ಬಾ, ಏನು ನೆನಪು ಅವನದು! ಅಕ್ಷರ ಬಾರದು. ಇಪ್ಪತ್ತು ಎಲೆ, ಇಪ್ಪತ್ತು ಥರ ತಿಂಡಿ, ಯಾರು ಎರಡನೇ ಸಲ ಚಟ್ನಿ ಕೇಳಿದರು ಎಂಬುದೂ ತಲೆಯಲ್ಲಿ. ಕೋರ್ಟಿನ ದಿನ ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ, ಸೌದೆ ಒಲೆಯ ಹೊಗೆಯಲ್ಲಿ, ದಿನಕ್ಕೆ ಆರುನೂರು ಬಿಲ್ಲು ಕೂಗುತ್ತಿದ್ದ. ನಾನೊಮ್ಮೆ ಎಣಿಸಿದ್ದೆ.

ಎಪ್ಪತ್ತೊಂಬತ್ತರ ಸುಮಾರಿಗೆ ಶಿರಾದ ಪ್ರೆಸ್ಸಿನ ಅಹಮದ್ ಷರೀಫ್ ಸಾಹೇಬರು ಬಿಲ್ಲು ಪುಸ್ತಕದ ಮಾದರಿ ಹಿಡಿದು ಬಂದರು. ಇಡ್ಲಿ, ವಡೆ, ಕಾಫಿ ಎಲ್ಲಕ್ಕೂ ಒಂದೊಂದು ಮನೆ, ಪಕ್ಕದಲ್ಲಿ ಸಣ್ಣ ಚಿತ್ರ.

"ಓದುಬರಹ ಬ್ಯಾಡ ಸಾವ್ಕಾರ್ರೇ, ತಿಂದಷ್ಟಕ್ಕೆ ಗೀಟು ಎಳೆದ್ರೆ ಸಾಕು. ತುಮಕೂರಿನಾಗೆ ಎಲ್ಲಾ ಹೋಟ್ಲಾಗೂ ಇದೇ ಚಾಲ್ತಿ. ಈ ಕೂಗೋದು ಹಳೇ ಜಮಾನ" ಎಂದರು.

ಮಾವ ಪುಸ್ತಕವನ್ನು ತಿರುವಿಹಾಕಿ ಹಿಂದಕ್ಕೆ ತಳ್ಳಿದರು. "ಪುಸ್ತಕ ಮುಗಿದ್ರೆ ಇನ್ನೊಂದು ಕೊಳ್ಬೇಕು. ನಮ್ ಬೋರನ ಗಂಟ್ಲು ಮುಗೀತದಾ?"

"ಮುಗೀತದೆ ಸಾವ್ಕಾರ್ರೇ" ಎಂದರು ಸಾಹೇಬರು, ಚೀಲ ಕಟ್ಟುತ್ತಾ.

ನಾನೂ ಮಾವನ ಜೊತೆ ನಕ್ಕೆ. ನಗಬೇಕಲ್ಲ, ಅವರ ಅನ್ನ ತಿನ್ನುವವನು.

ಎಂಬತ್ನಾಲ್ಕರ ಹೊತ್ತಿಗೆ ಗಂಟಲು ಒಡೆಯಿತು. ಮೊದಲು ಸಂಜೆ ಹೊತ್ತು ಗೊಗ್ಗರಾಗುತ್ತಿತ್ತು, ಆಮೇಲೆ ಮಧ್ಯಾಹ್ನಕ್ಕೇ. ಮೆಣಸಿನ ಕಷಾಯ, ಜ್ಯೇಷ್ಠಮಧು, ಬಿಸಿ ಹಾಲು, ಹೆಂಡತಿ ಈರಕ್ಕ ಹೊತ್ತ ಹರಕೆ, ಒಂದೂ ನಾಟಲಿಲ್ಲ. ಡಾಕ್ಟರು ಬಾಯೊಳಗೆ ದೀಪ ಬಿಟ್ಟು ನೋಡಿ, ಒಳಗೆ ಗಂಟಾಗಿದೆ, ಆರು ತಿಂಗಳು ಮಾತೇ ಆಡಬೇಡ, ದೊಡ್ಡ ಆಸ್ಪತ್ರೆಗೆ ಹೋಗು ಎಂದರಂತೆ. ಆರು ತಿಂಗಳು ಬಾಯಿ ಮುಚ್ಚಿದರೆ ಮನೆಯಲ್ಲಿ ಒಲೆ ಹಚ್ಚುವುದು ಹೇಗೆ? ಕೂಗದ ಸಪ್ಲೈಯರನ್ನು ಮಾವ ಒಂದು ದಿನ ಇಟ್ಟುಕೊಳ್ಳುವವರಲ್ಲ.

ಒಂದು ದಿನ ಹಿತ್ತಲಲ್ಲಿ ಬೋರಪ್ಪ ನನ್ನ ಕೈ ಹಿಡಿದುಕೊಂಡ. ಗಾಳಿಯಷ್ಟೇ ಬರುತ್ತಿತ್ತು. "ಸಿದ್ದಣ್ಣ, ಏನಾರ ಮಾಡಣ್ಣ. ಕೆಲ್ಸ ಹೋದ್ರೆ ಸತ್ತೆ ನಾನು."

ಆಗ ನಾವಿಬ್ಬರೂ ಸೇರಿ ಒಂದು ಸನ್ನೆಯ ಭಾಷೆ ಕಟ್ಟಿದೆವು. ನನಗೆ ಅವತ್ತು ಬಹಳ ಹೆಮ್ಮೆ, ನಾನೇನೋ ಮಹಾ ಬುದ್ಧಿವಂತ ಎಂದು. ತಲೆ ಮುಟ್ಟಿದರೆ ರುಮಾಲು. ಹೆಗಲು ಮುಟ್ಟಿದರೆ ಕಂಬಳಿ. ನೆಟ್ಟ ಬೆರಳು ರೂಪಾಯಿ, ಮಡಿಸಿದ ಬೆರಳು ಹತ್ತು ಪೈಸೆ. ಅಂಗೈಯನ್ನು ಎದೆಯ ಮೇಲಿಟ್ಟರೆ, ನನ್ನ ಲೆಕ್ಕಕ್ಕೆ ಎಂದು ಅರ್ಥ. ಅದು ಬೇಕಾಗುತ್ತಿದ್ದದ್ದು ಅವನಪ್ಪ ಮುದ್ದಪ್ಪ ಬಂದಾಗ. ಮುದ್ದಪ್ಪನಿಗೆ ಹೊಲದ ದಾರಿಯ ಕೇಸು ಕೋರ್ಟಿನಲ್ಲಿತ್ತು, ವಾಯಿದೆಗೊಮ್ಮೆ ಬಂದು ಮಗನ ಕೈಯಲ್ಲಿ ಬಡಿಸಿಕೊಂಡು ಉಂಡು ಹೋಗುತ್ತಿದ್ದ. ನಾನು ಗಲ್ಲಾದ ಮುಚ್ಚಳದ ಒಳಮೈಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಸಂಬಳ ಕೊಡುವಾಗ ಊಟದ ದುಡ್ಡು ಮುರಿದುಕೊಳ್ಳುತ್ತಿದ್ದೆ. ಒಂದು ಊಟವೂ ಪುಕ್ಕಟೆಯಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಮಾವನಿಗೆ ಇದು ಯಾವುದೂ ಗೊತ್ತಿಲ್ಲ. ಅವರು ಬೆಳಗ್ಗೆ ಗಲ್ಲಾಕ್ಕೆ ಊದಿನಕಡ್ಡಿ ಬೆಳಗಿ ಹುಣಸೆಹಣ್ಣಿನ ಮಂಡಿಗೆ ಹೋದರೆ ಮತ್ತೆ ಬರುತ್ತಿದ್ದದ್ದು ಬಾಗಿಲು ಹಾಕುವ ಹೊತ್ತಿಗೆ. ಆಗ ಇರುತ್ತಿದ್ದ ನಾಲ್ಕು ಗಿರಾಕಿಗಳ ಬಿಲ್ಲನ್ನು ಬೋರಪ್ಪ ಹತ್ತಿರ ಬಂದು ಕೆಮ್ಮುತ್ತಾ ಹೇಳುತ್ತಿದ್ದ. "ಏನ್ಲಾ ಬೋರ, ಇನ್ನೂ ಶೀತ ಹೋಗ್ಲಿಲ್ವಾ?" ಎನ್ನುತ್ತಿದ್ದರು ಮಾವ. ಹೀಗೆ ಎರಡು ವರ್ಷ ಒಂದು ಗಂಟಲಿಲ್ಲದ ಹೋಟೆಲನ್ನು ನಾವಿಬ್ಬರು ನಡೆಸಿದೆವು.

ಎಂಬತ್ತಾರರ ಜೂನ್. ನನ್ನ ಮಗಳನ್ನು ಸ್ಕೂಲಿಗೆ ಸೇರಿಸಬೇಕಿತ್ತು. ಹನ್ನೊಂದಕ್ಕೆಲ್ಲ ಬಂದುಬಿಡುತ್ತೇನೆ ಎಂದು ಮಾವನನ್ನು ಗಲ್ಲಾದಲ್ಲಿ ಕೂರಿಸಿ ಹೋದೆ. ಹೆಡ್‌ಮೇಷ್ಟ್ರು ಸಿಗಲಿಲ್ಲ, ಸಿಕ್ಕಾಗ ರುಜು ಇಲ್ಲ, ರುಜು ಆಗುವ ಹೊತ್ತಿಗೆ ಒಂದೂವರೆ. ಅಂದು ಕೋರ್ಟಿನ ದಿನ ಎನ್ನುವುದು ನನಗೆ ಮರೆತೇ ಹೋಗಿತ್ತು.

ನಾನು ಬಾಗಿಲಿಗೆ ಬಂದಾಗ ಹೋಟೆಲಿಗೆ ಹೋಟೆಲೇ ಎದ್ದು ನಿಂತಿತ್ತು. ಮಾವ ಮುದ್ದಪ್ಪನ ರಟ್ಟೆ ಹಿಡಿದಿದ್ದರು. ಆಮೇಲೆ ಅಡಿಗೆಯ ಪಾಪಕ್ಕ ಹೇಳಿದಳು. ಬೆಳಗ್ಗೆಯೆಲ್ಲ ಬೋರಪ್ಪ ಪ್ರತಿ ಬಿಲ್ಲಿಗೂ ಗಲ್ಲಾದವರೆಗೆ ಓಡಿ ಕಿವಿಯಲ್ಲಿ ಹೇಳಿ ಹೇಳಿ ಸಂಭಾಳಿಸಿದನಂತೆ. ಒಂದು ಗಂಟೆಗೆ ಕೋರ್ಟು ಬಿಟ್ಟು ಜನ ನುಗ್ಗಿದಾಗ ಕಾಲು ಸಾಲಲಿಲ್ಲ, ಕೈ ತನ್ನ ಅಭ್ಯಾಸಕ್ಕೆ ಹೋಯಿತು. ಅಪ್ಪ ಎಲೆಯಿಂದ ಎದ್ದಾಗ ಹೆಗಲು ಮುಟ್ಟಿ, ಎದೆಯ ಮೇಲೆ ಅಂಗೈ ಇಟ್ಟ. ಮುದ್ದಪ್ಪ ಎಂದಿನಂತೆ ಗಲ್ಲಾ ದಾಟಿ ಹೊರಟ.

"ಕಾಸು ಕೊಡದೆ ಎಲ್ಲಿಗೆ ಹೊಂಟೆ?" ಮಾವ ಗದರುತ್ತಿದ್ದರು.

"ನನ್ ಮಗ ಕೊಡ್ತಾನೆ ಕಣ್ ಸಾಮಿ, ಯಾವಾಗ್ಲೂ ಅವ್ನೇ ಕೊಡದು" ಎಂದ ಮುದುಕ.

"ಯಾವಾಗ್ಲೂ? ಅಂದ್ರೆ ಇದು ದಿನಾ ನಡೆಯೋ ಕಳ್ತನ! ಕೂಗೇ ಇಲ್ಲ ನಿನ್ ಮಗ. ಕೂಗದ ಬಿಲ್ಲು ಎಂಥಾ ಬಿಲ್ಲು? ಲೇ ಬೋರ, ಎಷ್ಟು ದಿನದಿಂದ ನಿನ್ ವಂಶಕ್ಕೆಲ್ಲ ಇಲ್ಲಿ ಉಣ್ಣುಸ್ತಾ ಇದ್ದೀಯ?"

ಬೋರಪ್ಪ ಎರಡು ಕೈಯಲ್ಲಿ ಸಾಂಬಾರಿನ ಬಕೆಟ್ ಹಿಡಿದು ನಿಂತಿದ್ದ. ಬಾಯಿ ತೆರೆದ. ಕುತ್ತಿಗೆಯ ನರ ಹಗ್ಗದಂತೆ ಎದ್ದವು. ಹದಿಮೂರು ವರ್ಷದ ಹಿಂದೆ ಇದೇ ಬಸ್ ಸ್ಟ್ಯಾಂಡಿನಲ್ಲಿ ಅಪ್ಪನನ್ನು ಕೂಗಿದ ಗಂಟಲು ಅದು. ಒಂದು ಸೊಲ್ಲು ಬರಲಿಲ್ಲ. ಬಕೆಟ್ ಕೆಳಗಿಟ್ಟು ಅಂಗೈಯನ್ನು ಎದೆಯ ಮೇಲಿಟ್ಟುಕೊಂಡ, ಮತ್ತೆ ಇಟ್ಟುಕೊಂಡ, ಎದೆ ಬಡಿದುಕೊಂಡ. ಜನ ನಕ್ಕರು. ಅಷ್ಟರಲ್ಲಿ ಬಾಗಿಲಲ್ಲಿ ನಿಂತ ನನ್ನನ್ನು ಕಂಡ. ಅವನ ಮುಖ ಅರಳಿತು. ನನ್ನನ್ನು ತೋರಿಸಿ, ಗಲ್ಲಾದ ಮುಚ್ಚಳ ತೋರಿಸಿ, ಎದೆ ಮುಟ್ಟಿದ.

ಮಾವ ತಿರುಗಿದರು. "ಏನ್ಲಾ ಸಿದ್ದ, ಏನೋ ಸನ್ನೆ ಮಾಡ್ತಾನಲ್ಲ, ನಿಂಗೇನಾದ್ರೂ ಗೊತ್ತಾ?"

ಹೇಳಬಹುದಿತ್ತು. ಮುಚ್ಚಳ ಎತ್ತಿ ಸುಣ್ಣದ ಗೆರೆ ತೋರಿಸಿದ್ದರೆ ಸಾಕಿತ್ತು. ಆದರೆ ಎರಡು ವರ್ಷ ಮಾವನ ಕಣ್ಣಿಗೆ ಮಣ್ಣೆರಚಿದವನು ನಾನೂ ಹೌದು. ಮಗಳ ಫೀಸು ಕಟ್ಟಿದ ರಸೀತಿ ಇನ್ನೂ ಕೈಯಲ್ಲಿತ್ತು.

"ನಂಗೇನ್ ಗೊತ್ತು ಮಾವ" ಎಂದೆ.

ಥೂ, ನನ್ನ ಜನ್ಮಕ್ಕಿಷ್ಟು! ಈಗಲೂ ಆ ಮಾತು ಬಾಯಲ್ಲಿ ಕಹಿಯಾಗುತ್ತದೆ.

ಬೋರಪ್ಪನ ಕೈ ಎದೆಯಿಂದ ಮೆಲ್ಲಗೆ ಕೆಳಗಿಳಿಯಿತು. ಮಾವ ಊಟದ ದುಡ್ಡಿಗೆ ಅಡವು ಎಂದು ಮುದ್ದಪ್ಪನ ಹೆಗಲ ಕಂಬಳಿಯನ್ನು ಎಳೆದುಕೊಂಡರು. ಕುರಿಯವರಿಗೆ ಕಂಬಳಿ ಬರೀ ಹೊದಿಕೆಯಲ್ಲ, ದೇವರನ್ನು ಕೂರಿಸುವುದೂ ಅದರ ಮೇಲೇ, ನ್ಯಾಯ ಹೇಳುವವರು ಕೂರುವುದೂ ಅದರ ಮೇಲೇ. ಮುದುಕ ಜಗಳವಾಡಲಿಲ್ಲ. ಬರೀ ಹೆಗಲಲ್ಲಿ ಬಿಸಿಲಿಗಿಳಿದ. ಬೋರಪ್ಪ ಹೆಗಲ ಮೇಲಿನ ಟೇಬಲ್ ಒರೆಸುವ ಬಟ್ಟೆಯನ್ನು ಮಡಿಸಿ ಗಲ್ಲಾದ ಮೇಲಿಟ್ಟು ಅಪ್ಪನ ಹಿಂದೆ ಹೋದ. ಆ ತಿಂಗಳ ಸಂಬಳಕ್ಕೂ ಬರಲಿಲ್ಲ. ಅವತ್ತು ರಾತ್ರಿ ಮಾವ ಮಲಗಲು ಹೋದ ಮೇಲೆ ನಾನು ಮುಚ್ಚಳದ ಒಳಗಿನ ಗೆರೆಗಳನ್ನು ಅಂಗೈಯಲ್ಲಿ ಒರೆಸಿದೆ.

ಬೋರಪ್ಪನಂಥ ಗಂಟಲು ಮತ್ತೆ ಸಿಗಲಿಲ್ಲ. ಹದಿನೈದು ದಿನದಲ್ಲಿ ಮಾವ ಶಿರಾಕ್ಕೆ ಹೇಳಿ ಕಳಿಸಿ ಬಿಲ್ಲು ಪುಸ್ತಕ ತರಿಸಿದರು. ಒಂದು ಪುಸ್ತಕಕ್ಕೆ ಒಂದೂವರೆ ರೂಪಾಯಿ. ಇಷ್ಟೇನಾ ಎಂದರು ಮಾವ, ಇಷ್ಟು ಅಗ್ಗ ಅಂತ ಆ ಸಾಬರು ಆಗಲೇ ಹೇಳಬಾರದಿತ್ತಾ ಎಂದರು.

ಕಂಬಳಿ ಅಡಿಗೆಮನೆಯ ಗೂಟದಲ್ಲಿ ಒಂದು ವರ್ಷ ಹೊಗೆ ಕುಡಿಯಿತು. ನಾನು ಅದನ್ನು ಒಗೆಸಿ ಒಂದು ಭಾನುವಾರ ಮಿಡಿಗೇಶಿ ಬಸ್ಸು ಹತ್ತಿದೆ. ಬೋರಪ್ಪನ ಹಟ್ಟಿಗೆ ಹೋದಾಗ ಸಂಜೆ ಕುರಿ ಮನೆಗೆ ತಿರುಗುವ ಹೊತ್ತು. ಗುಡ್ಡದ ಕಡೆ ಮುಖ ಮಾಡಿ ಕೂಗುತ್ತಿದ್ದವಳು ಈರಕ್ಕ. ಅವನು ಪಕ್ಕದಲ್ಲಿ ಕೋಲು ಹಿಡಿದು ನಿಂತಿದ್ದ, ಅರ್ಧಕ್ಕರ್ಧ ಇಳಿದಿದ್ದ. ಕುತ್ತಿಗೆಗೆ ಬಟ್ಟೆ ಸುತ್ತಿತ್ತು. ನನ್ನನ್ನು ಕಂಡು ಮುಖ ತಿರುಗಿಸಲಿಲ್ಲ, ಅದೇ ಹೆಚ್ಚು.

ಕಂಬಳಿಯನ್ನು ಮುದ್ದಪ್ಪನ ಮುಂದಿಟ್ಟೆ. ಮುದುಕ ಮುಟ್ಟಲಿಲ್ಲ. "ಅಡಿಕೆಗೋದ ಮಾನ ಆನೆ ಕೊಟ್ರೂ ಬರಾಕಿಲ್ಲ ಕಣಪ್ಪ" ಎಂದ. ಆದರೂ ಉಣ್ಣದೆ ಕಳಿಸುವ ಜನವಲ್ಲ. ಈರಕ್ಕ ಮುದ್ದೆ, ಹುರುಳಿಸಾರು ಇಟ್ಟಳು. ಉಂಡೆ. ಕೈ ತೊಳೆದು, ಔಷಧಿಗಾಗಲಿ ಎಂದು ಜೇಬಿನಿಂದ ನೂರರ ನೋಟು ತೆಗೆದೆ.

ಬೋರಪ್ಪ ನನ್ನ ಕೈಯನ್ನು ಹಿಂದಕ್ಕೆ ತಳ್ಳಿದ. ಉಂಡ ತಟ್ಟೆ ತೋರಿಸಿ, ನನ್ನನ್ನು ತೋರಿಸಿ, ಅಂಗೈಯನ್ನು ತನ್ನ ಎದೆಯ ಮೇಲಿಟ್ಟ.

"ಅದೇನಂತಾನೆ ಸಾಮಿ? ನಿತ್ಯ ಏನೇನೋ ಕೈ ಆಡುಸ್ತಾನೆ, ನಮ್ಗೊಂದೂ ತಿಳಿಯಾಕಿಲ್ಲ" ಎಂದಳು ಈರಕ್ಕ.

"ಇವರ ಊಟ ನನ್ನ ಲೆಕ್ಕಕ್ಕೆ ಅಂತಿದ್ದಾನೆ ಕಣಮ್ಮ" ಎಂದೆ.

ಮುದ್ದಪ್ಪ ಕೂತಲ್ಲಿಂದಲೇ ತಲೆ ಎತ್ತಿ ನನ್ನನ್ನು ನೋಡಿದ. "ನಿಂಗೆ ತಿಳೀತದಲ್ಲಪ್ಪ. ಅವತ್ತೆಲ್ಲೋಗಿತ್ತು ಈ ಮಾತು?"

ಕೊನೇ ಬಸ್ಸಿಗೆ ಹೊತ್ತಾಗುತ್ತದೆ ಎಂದು ಹೇಳಿ ಎದ್ದು ಬಂದುಬಿಟ್ಟೆ.