ದೊರೆಸಾನಿ ಕತ್ತು ತುರಿಸಿಕೊಂಡಾಗ

೧೯೩೧ರ ಬೇಸಿಗೆಯಲ್ಲಿ ನಾನು ಊಟಿಯ ಒಂದು ದೊಡ್ಡ ಹೋಟೆಲಿನಲ್ಲಿ ವೈನ್ ಬೇರರ್ ಆಗಿದ್ದೆ. ಹೋಟೆಲಿನ ಹೆಸರು ಬರೆಯುವುದಿಲ್ಲ, ಈಗಲೂ ಅಲ್ಲೇ ಅನ್ನ ತಿನ್ನುತ್ತಿದ್ದೇನೆ. ಬೇರರ್ ಎಂದರೆ ಮೇಜಿಗೆ ತಟ್ಟೆ ತಂದಿಡುವವನು. ವೈನ್ ಬೇರರ್ ಎಂದರೆ ತಟ್ಟೆಯ ಬೆನ್ನಿಗೇ, ಅದಕ್ಕೆ ಒಪ್ಪುವ ಬಾಟಲಿ ಹಿಡಿದು ನಿಲ್ಲುವವನು. ಮೀನಿಗೆ ಹಾಕ್, ಅಂದರೆ ಜರ್ಮನಿಯ ಬಿಳಿ ವೈನ್. ಕುರಿಮಾಂಸಕ್ಕೆ ಕ್ಲಾರೆಟ್, ಅಂದರೆ ಫ್ರಾನ್ಸಿನ ಕೆಂಪು ವೈನ್. ಬಿಳಿಯದನ್ನು ತಣ್ಣಗೆ ಕೊಡಬೇಕು. ಊಟಿಯಲ್ಲಿ ಬಾಟಲಿಯನ್ನು ಕಿಟಕಿಯ ಹೊರಗಿಟ್ಟರೆ ಸಾಕು, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ.

ಇಷ್ಟೆಲ್ಲ ಬಲ್ಲ ನಾನು, ಜೋಗಿ, ಕೋತಗಿರಿ ಕಡೆಯ ಲಿಂಗಾಯತರ ಮನೆಯವನು. ಮೀನು ತಿಂದವನಲ್ಲ, ವೈನ್ ಕುಡಿದವನಲ್ಲ. ರಜೆಗೆ ಊರಿಗೆ ಹೋದರೆ ಅವ್ವ ಹೊರಗೇ ನಿಲ್ಲಿಸಿ, ತಲೆಗೆ ನೀರು ಹಾಕಿಸಿ, ಆಮೇಲೆ ಒಳಗೆ ಕರೆಯುತ್ತಿದ್ದಳು. ಆದರೂ ಯಾರಾದರೂ ದೊರೆ ‘ಏಡಿಗೆ ಯಾವುದು ಒಳ್ಳೆಯದು?’ ಎಂದು ಕೇಳಿದರೆ, ಕಣ್ಣು ಅರ್ಧ ಮುಚ್ಚಿ, ಹಳೆಯ ರುಚಿಯೊಂದನ್ನು ನಾಲಗೆಯ ಮೇಲೆ ಹೊರಳಿಸುವವನಂತೆ ಒಂದು ಕ್ಷಣ ನಿಂತು ಉತ್ತರ ಕೊಡುತ್ತಿದ್ದೆ. ಆ ಮುಖ ನನ್ನದಲ್ಲ. ಬೇರರುಗಳಿಗೆಲ್ಲ ಮೇಲಿನವರಾದ ನಮ್ಮ ಬಟ್ಲರ್ ಅಂತೋಣಿಯವರದು.

ಬೇರೆಯವರ ಮುಖ, ನಡಿಗೆ, ದನಿ ಎತ್ತಿಕೊಳ್ಳುವುದು ನನ್ನ ಚಾಳಿ. ಊಟದ ಹಾಲಿಗೂ ಅಡುಗೆಮನೆಗೂ ನಡುವೆ ಪ್ಯಾಂಟ್ರಿ ಎಂಬ ಸಣ್ಣ ಕೋಣೆ ಇರುತ್ತದೆ. ಹಾಲಿನಲ್ಲಿ ಕಂಡದ್ದನ್ನೆಲ್ಲ ಅಲ್ಲಿ ಬಂದು ಆಡಿ ತೋರಿಸುತ್ತಿದ್ದೆ. ವೈನ್ ಮೂಸಿ ಕೆಮ್ಮುವ ಕರ್ನಲ್, ಸೂಪನ್ನು ಸದ್ದಿಲ್ಲದೆ ಹೀರಲು ಹೋಗಿ ಎರಡು ಪಟ್ಟು ಸದ್ದು ಮಾಡುವ ಪಾದ್ರಿ, ಟ್ರೇ ಹೊತ್ತರೆ ಗದ್ದೆಯ ಕೊಕ್ಕರೆಯಂತೆ ಕಾಲೆತ್ತಿಡುವ ನಾನು, ಯಾರನ್ನೂ ಬಿಟ್ಟವನಲ್ಲ. ಅಡುಗೆಯ ಮೊಯ್ದೀನ್ ಕಲ್ಲಿಕೋಟೆಯವರು. ಅವರನ್ನು ಎಲ್ಲರೂ ಇಕ್ಕಾ ಅನ್ನುತ್ತಿದ್ದೆವು, ಮಲಯಾಳದಲ್ಲಿ ಅಣ್ಣ ಎಂದಂತೆ. ನಾನು ಅವರನ್ನು ಅಣಕಿಸಿದರೆ ಸೌಟು ಎತ್ತಿ ಹೊಡೆಯಲು ಬರುತ್ತಿದ್ದರು, ನಗು ತಡೆಯಲಾಗದೆ ಅರ್ಧದಾರಿಯಲ್ಲೇ ನಿಲ್ಲುತ್ತಿದ್ದರು.

ಆ ದಿನ ಕಲ್ಲಿಕೋಟೆಯಿಂದ ಗೂಡಲೂರು ಘಾಟಿ ಹತ್ತಿ ಒಂದು ಮೂಟೆ ಏಡಿ ಬಂತು. ಕಡಲಿನ ಏಡಿ ಜೀವಂತವಾಗಿ ಬೇಯಬೇಕು, ಸತ್ತದ್ದು ಬೇಗ ವಿಷವಾಗುತ್ತದೆ ಎಂಬುದು ಇಕ್ಕಾ ಕಲಿಸಿದ ಮೊದಲ ಪಾಠ. ಆದರೆ ಊಟಿಯ ಚಳಿಗೆ ಕಡಲಿನ ಜೀವ ಮರಗಟ್ಟಿಬಿಡುತ್ತದೆ. ಬದುಕಿದ್ದೂ ಸತ್ತಂತೆ ಬಿದ್ದಿರುತ್ತದೆ. ಅದಕ್ಕೆ ಒಂದೊಂದನ್ನೇ ಒಲೆಯ ಹತ್ತಿರ ಇಟ್ಟು, ಕಾಲು ಅಲುಗಿದ್ದನ್ನು ಉಳಿಸಿ ಅಲುಗದ್ದನ್ನು ಎಸೆದೆವು. ಒಂದರ ಬಗ್ಗೆ ನಮಗೆ ಜಗಳವಾಯಿತು. ಅದು ಅಲುಗಿತು ಎಂದವನು ನಾನು. ಇಕ್ಕಾ ನನ್ನ ಮಾತು ನಂಬಿ ಅದನ್ನೂ ಹಂಡೆಗೆ ಹಾಕಿದರು.

ರಾತ್ರಿಯ ಊಟಕ್ಕೆ ಡೆವಿಲ್ಡ್ ಕ್ರ್ಯಾಬ್. ಏಡಿಯ ಮಾಂಸಕ್ಕೆ ಮೆಣಸು, ಸಾಸಿವೆ, ಬೆಣ್ಣೆ ಸೇರಿಸಿ, ಅದರದೇ ಚಿಪ್ಪಿಗೆ ತುಂಬಿ ಸುಡುವ ತಿನಿಸು. ಕಿಟಕಿಯ ಮೇಜಿಗೆ ಗೂಡಲೂರು ಕಡೆಯ ಎಸ್ಟೇಟಿನ ದೊರೆ, ಹೊಸದಾಗಿ ಮದುವೆಯಾಗಿ ಬಂದ ದೊರೆಸಾನಿಯೊಡನೆ ಬಂದಿದ್ದರು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಗಂಡ ಹೊಗಳಿದ್ದಕ್ಕೆಲ್ಲ ತಲೆಯಾಡಿಸುತ್ತ ತಿನ್ನುತ್ತಿದ್ದರು. ನಾನು ಹಾಕ್ ಸುರಿದೆ. ಸ್ವಲ್ಪ ಹೊತ್ತಿಗೆ ಅವರು ಬೆರಳಿನಿಂದ ಕೆಳತುಟಿ ಉಜ್ಜಿಕೊಂಡರು. ಕತ್ತಿನ ಎಡಕ್ಕೆ ತುರಿಸಿಕೊಂಡರು. ಯಾರಿಗೂ ಕೇಳಿಸದಂತೆ ಗಂಟಲು ಕೆರೆದರು, ಮತ್ತೆ ತುಟಿ, ಮತ್ತೆ ಕತ್ತು. ಮುತ್ತಿನ ಹಾರ ಹೊಸದು, ಚುಚ್ಚುತ್ತಿರಬೇಕು ಅಂದುಕೊಂಡೆ. ಒಳ್ಳೆಯ ಸರಕು ಸಿಕ್ಕಿತೆಂದು ಪ್ಯಾಂಟ್ರಿಗೆ ಓಡಿದೆ.

ಅಲ್ಲಿ ಕರವಸ್ತ್ರವನ್ನೇ ಹಾರ ಮಾಡಿಕೊಂಡು ದೊರೆಸಾನಿಯಾದೆ. ತಟ್ಟೆ ತೊಳೆಯುವವರು ನಕ್ಕರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಇಕ್ಕಾ ನಗಲಿಲ್ಲ.

“ಎಡಾ ಜೋಗಿ, ನಿಲ್ಲು. ಆ ತುರಿಕೆ ನೀನು ಸೇರಿಸಿದ್ದೋ, ಅವರು ಮಾಡಿದ್ದೋ?”

“ಅವರೇ ಮಾಡಿದ್ದು ಇಕ್ಕಾ.”

“ತುಟಿ ಉಜ್ಜಿದ್ದು? ಗಂಟಲು ಕೆರೆದದ್ದು?”

“ಎಲ್ಲ ಅವರದೇ. ನಾನು ಹಾರ ಮಾತ್ರ ಹಾಕಿಕೊಂಡೆ.”

ಇಕ್ಕಾ ಸೌಟನ್ನು ಮೆಲ್ಲಗೆ ಕೆಳಗಿಟ್ಟರು. “ನನ್ನ ತಂಗಿ ಸಿಗಡಿ ತಿಂದಾಗ ಹೀಗೇ ಮಾಡಿದಳು. ಮೊದಲು ತುಟಿ, ಆಮೇಲೆ ಕತ್ತು, ಆಮೇಲೆ ಉಸಿರು.”

ಆಮೇಲೆ ಏನಾಯಿತು ಎಂದು ಕೇಳಿದೆ. ಅವಳ ಗೋರಿ ತಮ್ಮೂರ ಮಸೀದಿಯ ಹಿಂದಿದೆ ಎಂದರು.

ಹಾಲಿಗೆ ಓಡಿದೆ. ದೊರೆಸಾನಿಯ ಮುಖ ಕೆಂಪೇರಿತ್ತು, ತುಟಿ ದಪ್ಪವಾಗಿತ್ತು. ಗಂಡ ಪಕ್ಕದ ಮೇಜಿನವರೊಡನೆ ಕುದುರೆ ಜೂಜಿನ ಮಾತಿನಲ್ಲಿ ಮುಳುಗಿದ್ದರು. ಬಟ್ಲರ್ ಅಂತೋಣಿಯವರ ಕಿವಿಯ ಹತ್ತಿರ ಹೋಗಿ, ಏಡಿ ಅವರನ್ನು ಕೊಲ್ಲುತ್ತಿದೆ ಎಂದೆ. ನನ್ನ ಸ್ವಂತ ದನಿಯಲ್ಲಿ, ನಡುಗುತ್ತ. ಅವರು ಕಡೆಗಣ್ಣಿನಿಂದ ನೋಡಿ ಮೆಚ್ಚಿಕೊಂಡರು.

“ಇದು ಯಾರದು ತಂಬಿ, ಮೊಯ್ದೀನ್‌ದಾ? ನಡುಕ ಸ್ವಲ್ಪ ಹೆಚ್ಚಾಯಿತು.”

ಆಣೆ ಇಟ್ಟೆ. ಅದನ್ನೂ ಆಟವೆಂದುಕೊಂಡರು. ದೊರೆಸಾನಿಗೆ ವೈನ್ ಏರಿದೆ, ಹಾಕ್ ಬಾಟಲಿ ತೆಗೆದು ನೀರಿಡು, ದೊಡ್ಡವರ ಮೇಜಿನಲ್ಲಿ ಹೀಗಾಗುವುದುಂಟು ಎಂದು ಹೇಳಿ ಬೇರೆ ಕಡೆ ತಿರುಗಿದರು. ಊರಿನವರ ದನಿಯೆಲ್ಲ ನನ್ನ ಬಾಯಲ್ಲಿತ್ತು, ನಂಬುವಂಥ ದನಿ ಒಂದೂ ಇರಲಿಲ್ಲ.

ಅಗ್ಗಿಷ್ಟಿಕೆಯ ಪಕ್ಕದ ಮೇಜಿನಲ್ಲಿ ನಿವೃತ್ತ ಮಿಲಿಟರಿ ಡಾಕ್ಟರರೊಬ್ಬರು ಕ್ಲಾರೆಟ್ ಕುಡಿಯುತ್ತ ಒಬ್ಬರೇ ಕೂತಿದ್ದರು. ಬೇಸಿಗೆ ಪೂರ್ತಿ ನಮ್ಮ ಹೋಟೆಲಿನಲ್ಲೇ ತಂಗುವವರು. ಅವರ ಮುಂದೆ ಹೋಗಿ ನಿಂತೆ. ನನಗಿದ್ದ ಇಂಗ್ಲಿಷೆಂದರೆ ‘ವೆರಿ ಗುಡ್ ಸರ್’, ‘ಮೋರ್ ಸರ್’ ಮತ್ತು ವೈನುಗಳ ಹೆಸರು. ತುರಿಕೆ, ಬಾವು, ಉಸಿರು ಯಾವುದಕ್ಕೂ ಮಾತಿರಲಿಲ್ಲ. ‘ಕ್ರ್ಯಾಬ್ ಸರ್’ ಎಂದೆ. ಏಡಿ ಬೇಡ ಎಂದು ಅವರು ಕೈ ಆಡಿಸಿದರು.

ಆಗ ನನಗೆ ಬರುತ್ತಿದ್ದ ಒಂದೇ ವಿದ್ಯೆಗೆ ಇಳಿದೆ. ತುಂಬಿದ ಹಾಲಿನಲ್ಲಿ, ದೊರೆಗಳ ಎದುರಿಗೇ, ದೊರೆಸಾನಿಯಾದೆ. ತುಟಿ ಉಜ್ಜಿದೆ, ಕತ್ತು ತುರಿಸಿಕೊಂಡೆ, ಗಂಟಲು ಕೆರೆದೆ. ಡಾಕ್ಟರರ ಮುಖ ಸಿಟ್ಟಿನಿಂದ ಬಿಗಿಯಿತು. ಚಮಚದ ಸದ್ದುಗಳು ಒಂದೊಂದಾಗಿ ನಿಂತವು. ಅಂತೋಣಿಯವರು ನನ್ನ ಕಡೆ ನಡೆದು ಬರುವ ಹೆಜ್ಜೆ ಬೆನ್ನಿಗೆ ಕೇಳಿಸುತ್ತಿತ್ತು. ಮುಂದೇನು ಆಡಬೇಕೆಂದು ತಿಳಿಯದೆ ಕಿಟಕಿಯ ಮೇಜಿನತ್ತ ಕತ್ತು ತಿರುಗಿಸಿ, ಅಲ್ಲಿ ಕಂಡದ್ದನ್ನು ಹಾಗೇ ಮಾಡಿದೆ. ಮೇಜಿನ ಅಂಚು ಹಿಡಿದೆ. ಬಾಯಿ ತೆರೆದೆ. ಸದ್ದು ಬರಲಿಲ್ಲ.

ಡಾಕ್ಟರರು ನನ್ನ ಮೇಲಿನಿಂದ ದೃಷ್ಟಿ ಹಾಯಿಸಿ ಕಿಟಕಿಯ ಕಡೆ ನೋಡಿದರು. ಕುರ್ಚಿ ಉರುಳಿತು. ಮುಂದಿನದೆಲ್ಲ ಓಟ. ದೊರೆಸಾನಿಯನ್ನು ಎತ್ತಿ ಸೋಫಾದ ಮೇಲೆ ಮಲಗಿಸಿದ್ದು, ಹಾರ ಹರಿದು ಮುತ್ತುಗಳು ಚೆಲ್ಲಿದ್ದು, ನಾನು ಮಹಡಿಗೆ ಹಾರಿ ಡಾಕ್ಟರರ ಚೀಲ ತಂದದ್ದು. ಉಬ್ಬಸದವರಿಗೆಂದು ಇಟ್ಟುಕೊಂಡಿದ್ದ ಅಡ್ರಿನಲಿನ್ ಎಂಬ ಔಷಧವನ್ನು ಅವರು ತೋಳಿಗೆ ಚುಚ್ಚಿದರು. ಆ ಮುಖದ ಬಣ್ಣ ನೋಡಲಾರದೆ ಪ್ಯಾಂಟ್ರಿಗೆ ಬಂದುಬಿಟ್ಟೆ.

ಅಲ್ಲಿ ಇಕ್ಕಾ ಮುಂಡಾಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇಬ್ಬರ ತಲೆಯಲ್ಲೂ ಒಂದೇ ಏಡಿ. “ಅದು ನಿಜವಾಗಿ ಅಲುಗಿತ್ತೇನೋ?” ಎಂದು ಕೇಳಿದರು. ಅಲುಗಿತ್ತು ಎಂದೆ. ಒಲೆಯ ಬೆಳಕು ಅಲುಗಿದ್ದನ್ನೇ ಏಡಿ ಅಲುಗಿತೆಂದುಕೊಂಡೆನೋ ಎಂಬ ಅನುಮಾನ ಗಂಟಲವರೆಗೆ ಬಂದಿತ್ತು. ಪೊಲೀಸರು ಬಂದರೆ ಇಬ್ಬರನ್ನೂ ಒಟ್ಟಿಗೆ ಒಯ್ಯುತ್ತಾರೋ, ಬೇರೆ ಬೇರೆಯಾಗಿಯೋ ಎಂದು ಯೋಚಿಸುತ್ತ ಅಂಗಿಯೊಳಗಿನ ಇಷ್ಟಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಣಕಿಸಲು ಯಾರ ಮುಖವೂ ನೆನಪಿಗೆ ಬರದ ಹೊತ್ತು ನನ್ನ ಬದುಕಿನಲ್ಲಿ ಅದೊಂದೇ.

ಕೊನೆಗೆ ಅಂತೋಣಿಯವರು ಬಂದು ಬಾಗಿಲಿಗೆ ಒರಗಿ ನಿಂತರು. ಉಸಿರು ಸರಾಗವಾಗಿದೆ, ಮಾತಾಡುತ್ತಿದ್ದಾರೆ ಎಂದರು. ಏಡಿಯಲ್ಲಿ ಕೆಟ್ಟದ್ದೇನಿಲ್ಲ, ಹಾಲಿನಲ್ಲಿದ್ದವರೆಲ್ಲ ಅದನ್ನೇ ತಿಂದಿದ್ದಾರೆ. ಕೆಲವರ ಮೈಗೆ ಅದು ಒಗ್ಗುವುದಿಲ್ಲ, ಅಷ್ಟೆ, ಎಂದು ಡಾಕ್ಟರರು ಹೇಳಿದರಂತೆ. ಹಿಂದೆ ಸಮುದ್ರದ ಊರಿನಲ್ಲಿ ಒಮ್ಮೆ ಏಡಿ ತಿಂದಾಗಲೂ ತುಟಿ ತುರಿಸಿತ್ತೆಂದು ದೊರೆಸಾನಿ ಒಪ್ಪಿಕೊಂಡರಂತೆ. ಮತ್ತೆ ಯಾಕೆ ತಿಂದೆ ಎಂದು ಗಂಡ ಕೇಳಿದ್ದಕ್ಕೆ ಅವರ ಉತ್ತರವನ್ನು ಅಂತೋಣಿಯವರು ಹಾಗೇ ತಂದರು: “ಯಾರೂ ಕೇಳಲಿಲ್ಲ.”

ವೈನಿನ ಮಾತು ಬಿಟ್ಟರೆ ಬೇರರ್ ಮೇಜಿನಲ್ಲಿ ಬಾಯಿ ತೆರೆಯಬಾರದೆಂಬುದು ನಮ್ಮ ಕೆಲಸದ ಮೊದಲ ಕಟ್ಟಳೆ. ವೈನಿನ ಬಗ್ಗೆ ನೂರು ಪ್ರಶ್ನೆ ಕೇಳಬಹುದು, ತಿನ್ನುವವರ ಮೈಯ ಬಗ್ಗೆ ಒಂದೂ ಇಲ್ಲ. ಆ ರಾತ್ರಿಯ ನಂತರ ನಾನು ಆ ಕಟ್ಟಳೆ ಮುರಿದೆ. ಅಂತೋಣಿಯವರು ಕಂಡೂ ಕಾಣದಂತಿರುತ್ತಾರೆ. ಅದಕ್ಕೆ ಬೇಕಾದ ನಾಲ್ಕು ಇಂಗ್ಲಿಷ್ ಮಾತನ್ನು ಡಾಕ್ಟರರೇ ಹೇಳಿಕೊಟ್ಟರು. ಯಾವ ಬಾಟಲಿ ಒಪ್ಪುತ್ತದೆ ಎನ್ನುವುದಕ್ಕಿಂತ ಮೊದಲು ಯಾವ ತಟ್ಟೆ ಒಗ್ಗುತ್ತದೆ ಎಂದು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಹೋದ ಬೇಸಿಗೆಯಲ್ಲಿ ಒಬ್ಬ ಮುದಿ ಕರ್ನಲ್, ಏಡಿ ಒಗ್ಗುತ್ತದೆಯೇ ಎಂದು ನಾನು ಕೇಳಿದ್ದಕ್ಕೆ, ನೀನು ಹುಟ್ಟುವ ಮೊದಲಿನಿಂದ ಏಡಿ ತಿನ್ನುತ್ತಿದ್ದೇನೆ ಎಂದು ಬೈದರು. ಬೈಗುಳ ಉತ್ತರವಲ್ಲವಾದ್ದರಿಂದ ತಟ್ಟೆ ಹಿಡಿದೇ ನಿಂತೆ. ಕೊನೆಗೆ ‘ಒಗ್ಗುತ್ತದೆ, ಇಡು’ ಎಂದರು. ಇಟ್ಟೆ, ಹಾಕ್ ಸುರಿದೆ. ಅವರು ಮೊದಲ ತುತ್ತು ನುಂಗಿದ ಮೇಲೂ, ಅವರ ಕೈ ಎಲ್ಲಿಗೆ ಹೋಗುತ್ತದೆಂದು ನೋಡುತ್ತ ಅಲ್ಲೇ ನಿಂತಿದ್ದೆ.