ಡೆಲ್ಮರ್ ಹಿಡಿದ ಕೋಲು

ಶನಿವಾರ ಬಂತೆಂದರೆ ಡೆಲ್ಮರ್ ಕುಚೆರಾನ ಬಾಯಿಗೆ ಬೀಗ. ವಾರವಿಡೀ ಜೋಳದ ಗೋದಾಮಿನಲ್ಲಿ ಲಾರಿ ತೂಗುತ್ತಾ ಬಂದವರ ಕಾಲೆಳೆಯುವ ಮನುಷ್ಯ, ಅಂದು ಮಾತ್ರ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಲೇಜು ಮೈದಾನದ ಅಂಚಿನಲ್ಲಿ ಕೋಲು ಹಿಡಿದು ಮೂಗನ ಹಾಗೆ ನಿಂತುಬಿಡುತ್ತಿದ್ದ.

"ಆ ಬೀಗದಕೈ ನನಗೆ ಕೊಟ್ಟಿದ್ರೆ ಉಳಿದ ದಿನಾನೂ ನಾನೇ ಹಾಕ್ತಿದ್ದೆ," ಎಂದು ಹೆಂಡತಿ ಜೋಲೀನ್ ಚುಡಾಯಿಸುತ್ತಿದ್ದಳು.

ಅಮೆರಿಕದ ನೆಬ್ರಾಸ್ಕದವರ ಫುಟ್‌ಬಾಲ್ ಎಂದರೆ ಚೆಂಡನ್ನು ಅವುಚಿಕೊಂಡು ಓಡುವ ಆಟ. ನಾಲ್ಕು ಯತ್ನದಲ್ಲಿ ಹತ್ತು ಗಜ ಮುಂದೆ ಹೋದರೆ ಚೆಂಡು ನಿಮ್ಮದೇ, ಇಲ್ಲವಾದರೆ ಎದುರಾಳಿಯದು. ಆ ಹತ್ತು ಗಜಕ್ಕೆ ಒಂದು ಸರಪಳಿ, ಅದರ ಎರಡು ತುದಿಗೆ ಎರಡು ಕೋಲು. ಒಂದನ್ನು ಕ್ಷೌರದಂಗಡಿಯ ರಾಲಿ ಹಿಡಿಯುತ್ತಿದ್ದ, ಇನ್ನೊಂದು ಡೆಲ್ಮರನ ಅಪ್ಪನ ಕಾಲದಿಂದ ಅವರ ಮನೆಯದು. ಕೋಲಿನವರು ನಿಲ್ಲುವುದು ಹೊರಗಿನಿಂದ ಬಂದ ತಂಡದ ಪಕ್ಕದಲ್ಲಿ. ಅಲ್ಲಿ ಕೇಳಿದ್ದನ್ನು ಆಚೆ ದಾಟಿಸುವಂತಿಲ್ಲ, ಸ್ವಂತ ಊರು ಗೆದ್ದರೂ ಚಪ್ಪಾಳೆ ತಟ್ಟುವಂತಿಲ್ಲ. ಡೆಲ್ಮರ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಆ ಕಾಲೇಜಿನೊಂದಿಗೆ ಅವನಿಗಿದ್ದ ನಂಟು ಈ ಕೋಲು, ಮತ್ತು ನಾಲ್ಕು ವರ್ಷದಿಂದ ಅಲ್ಲಿ ಆಡುತ್ತಿದ್ದ ಮಗ ವೇಡ್.

ವೇಡ್ ಎಪ್ಪತ್ತೊಂದನೇ ನಂಬರಿನವನು. ಚೆಂಡು ಹಿಡಿದವನ ಮುಂದೆ ಗೋಡೆಯಾಗಿ ನಿಲ್ಲುವುದು ಅವನ ಕೆಲಸ. ಸೆಪ್ಟೆಂಬರಿನಲ್ಲೇ ಅವನ ಎಡ ಮೊಣಕಾಲು ತಿರುಚಿಕೊಂಡಿತ್ತು. ತಂಡ ಆ ವರ್ಷ ಒಂದೇ ಒಂದು ಆಟ ಗೆದ್ದಿರಲಿಲ್ಲ. ನವೆಂಬರಿನ ಕೊನೆಯ ಆಟದ ದಿನ, ಜೋಲೀನ್ ಬೆಳಿಗ್ಗೆಯೇ ಹೇಳಿದಳು: "ಇವತ್ತು ಸೋತರೆ ಸೋಲ್ಲಿ. ಅವನು ನಡ್ಕೊಂಡು ಮನೆಗೆ ಬಂದ್ರೆ ಸಾಕು." ಡೆಲ್ಮರನಿಗೂ ಬೇಕಾಗಿದ್ದದ್ದು ಅಷ್ಟೇ.

ಮೊದಲರ್ಧ ಮುಗಿಯುವ ಹೊತ್ತಿಗೆ ಅವನ ಬೆನ್ನ ಹಿಂದೆಯೇ ಎದುರಾಳಿ ತಂಡದ ತರಬೇತುದಾರ ತನ್ನ ಹುಡುಗರನ್ನು ಸೇರಿಸಿದ. "ಎಪ್ಪತ್ತೊಂದರವನ ಎಡಗಾಲು ನೋಡ್ರೋ. ಊರೋಕೇ ಆಗ್ತಿಲ್ಲ. ಇನ್ಮೇಲೆಲ್ಲ ಅವನ ಕಡೆಯಿಂದಲೇ ನುಗ್ಗಿ."

ಅದರಲ್ಲಿ ಮೋಸವೇನಿಲ್ಲ, ಆಟವೇ ಹಾಗೆ. ತಾನು ಆ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ ಎಂಬುದು ಡೆಲ್ಮರನಿಗೆ ಗೊತ್ತಿತ್ತು.

ವಿರಾಮದಲ್ಲಿ ಜನ ಚಿಲಿ ಎಂಬ ಖಾರದ ಮಾಂಸದ ಸಾರಿಗೂ ದಾಲ್ಚಿನ್ನಿ ರೋಲಿಗೂ ಮುಗಿಬಿದ್ದಾಗ ಡೆಲ್ಮರ್ ಊರಿನ ತಂಡದ ಕೋಣೆಯ ಬಾಗಿಲಲ್ಲಿ ಹೋಗಿ ನಿಂತ. ಅವನ ಅಪ್ಪ ಬದುಕಿದ್ದಿದ್ದರೆ ಕೋಲನ್ನು ಕಿತ್ತುಕೊಳ್ಳುತ್ತಿದ್ದ. ವೇಡ್ ಕುಂಟುತ್ತಾ ಹೊರಬಂದ.

"ಅವರು ನಿನ್ನ ಎಡಗಾಲ ಕಡೆ ನುಗ್ತಾರಂತೆ ಕಣೋ. ನಾನೇ ಕೇಳಿಸ್ಕೊಂಡೆ. ಹೊರಗೆ ಕೂತ್ಕೋ."

ವೇಡ್ ನಕ್ಕ. "ಅಪ್ಪಾ, ಅದು ಎಲ್ಲರಿಗೂ ಯಾವಾಗಿಂದಲೋ ಗೊತ್ತು. ನಾನು ಕೂತ್ರೆ ಅಲ್ಲಿ ನಿಲ್ಲೋರು ಯಾರು? ಡ್ವೇನನ ಭುಜ ಹೋಗಿದೆ. ಆ ಇನ್ನೊಬ್ಬ ಕಾಲೇಜೇ ಬಿಟ್ಟ."

ಇಷ್ಟು ವರ್ಷ ಕಾಪಾಡಿದ ನೇಮ ಮುರಿದು ಡೆಲ್ಮರ್ ಗಳಿಸಿದ್ದು ಇಷ್ಟೇ. ಅವನು ತಲೆ ತಗ್ಗಿಸಿ ಕೋಲಿನ ಬಳಿಗೆ ನಡೆದ.

ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ಊರಿನ ತಂಡದ ನಾಲ್ಕನೇ ಯತ್ನ, ಬೇಕಾದದ್ದು ಒಂದು ಗಜ. ಈ ಗಜ ಸಿಕ್ಕರೆ ಗೆಲ್ಲುವ ದಾರಿ ಇನ್ನೂ ತೆರೆದಿರುತ್ತಿತ್ತು. ಚೆಂಡು ಹಿಡಿದವನು ವೇಡ್‌ನ ಹಿಂದೆಯೇ ನುಗ್ಗಿದ. ಮೈಗಳೆಲ್ಲ ಒಂದರ ಮೇಲೊಂದು ಬಿದ್ದವು. ಎಲ್ಲರೂ ಎದ್ದರು, ವೇಡ್ ಏಳಲಿಲ್ಲ.

ಜೋಲೀನ್ ಪ್ರೇಕ್ಷಕರ ಮೆಟ್ಟಿಲು ಇಳಿದು ಓಡಿಬಂದಳು. ಡೆಲ್ಮರ್ ಕದಲುವಂತಿರಲಿಲ್ಲ. ಕೋಲು ಸರಿದರೆ ಅಳತೆ ತಪ್ಪುತ್ತದೆ.

"ಹೋಗು ಮಾರಾಯ," ಎಂದ ರಾಲಿ.

"ಕೋಲು ಯಾರು ಹಿಡೀತಾರೆ?"

ರಾಲಿ ಸುತ್ತ ನೋಡಿದ. ಕೋಲು ಹಿಡಿಯಬಲ್ಲವರು ಯಾರೂ ಇರಲಿಲ್ಲ. ಅಷ್ಟರಲ್ಲಿ ತೀರ್ಪುಗಾರ ಅಳೆಯಲು ಕರೆದ. ಇಬ್ಬರೂ ಸರಪಳಿ ಹೊತ್ತು ಒಳಗೆ ನಡೆದರು. ಮಗ ಮಲಗಿದ್ದ ಜಾಗದ ಪಕ್ಕದಲ್ಲೇ ಡೆಲ್ಮರ್ ಸರಪಳಿಯನ್ನು ಬಿಗಿಯಾಗಿ ಎಳೆದು ಕೋಲೂರಿದ. ಕೋಲು ನೆಟ್ಟಗೆ ನಿಂತಿತು.

ಚೆಂಡು ಕೋಲಿಗಿಂತ ನಾಲ್ಕು ಬೆರಳು ಹಿಂದಿತ್ತು.

ಗಾಯಾಳುಗಳ ಗಾಡಿಗೆ ಎತ್ತುವಾಗ ವೇಡ್ ಕಣ್ಣು ತೆರೆದ. "ಅಪ್ಪಾ, ಸಿಕ್ತಾ?"

"ಸಿಕ್ತು ಕಣೋ," ಎಂದ ಡೆಲ್ಮರ್.

ಮೈದಾನದಂಚಿನಲ್ಲಿ ಎದುರಾಳಿಗಳೆಲ್ಲ ಕೂಗಿ ಕುಣಿಯುತ್ತಿದ್ದರು. ವೇಡ್ ಆ ಕಡೆ ನೋಡಿದ, ಆಮೇಲೆ ಅಪ್ಪನ ಮುಖ ನೋಡಿದ. "ಸರಿ ಅಪ್ಪಾ," ಎಂದ. ಜೋಲೀನ್ ಗಾಡಿಯ ಅಂಚು ಹಿಡಿದು ಜೊತೆಗೇ ನಡೆದಳು.

ರಾಲಿ ಸರಪಳಿಯನ್ನು ಮೆಲ್ಲಗೆ ಜಗ್ಗಿದ. ಚೆಂಡು ಈಗ ಎದುರಾಳಿಯದು, ಹತ್ತು ಗಜವನ್ನು ಅವರು ನುಗ್ಗುವ ದಿಕ್ಕಿಗೆ ಚಾಚಬೇಕಿತ್ತು. ಡೆಲ್ಮರ್ ಚಾಚಿದ.